ಆ ಸಾಲು ಎಲ್ಲಿಂದ ಬಂತು?

ಮಂಗನ ಕಾಯಿಲೆ ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಕೆಎಫ್‌ಡಿ), ಉಣುಗು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ವೈರಸ್ ಜ್ವರ. ಅದರ ಬಗ್ಗೆ ಓದುವವರಿಗೆಲ್ಲ ಒಂದು ಸಾಲು ಚೆನ್ನಾಗಿ ಪರಿಚಯ. ‘ಪ್ರತಿ ವರ್ಷ 400ರಿಂದ 500 ಜನರಿಗೆ ಈ ಕಾಯಿಲೆ ಬರುತ್ತದೆ.’ ಇಂಗ್ಲಿಷಿನ ಎಷ್ಟೋ ಸಂಶೋಧನಾ ಪೇಪರುಗಳ ಮೊದಲ ಪ್ಯಾರಾದಲ್ಲೇ ಅದು ಸಿಗುತ್ತದೆ. ಸಾಲಿನ ಕೊನೆಯಲ್ಲಿ ಪುಟ್ಟದಾಗಿ ಒಂದು ರೆಫರೆನ್ಸ್ ನಂಬರು. ಆ ನಂಬರು ಕಂಡ ಕೂಡಲೇ ಓದುವವರಿಗೆ ಸಮಾಧಾನ. ಯಾರೋ ಎಣಿಸಿದ್ದಾರೆ, ಇವರು ಅದನ್ನು ನೋಡಿ ಬರೆದಿದ್ದಾರೆ ಅಂದುಕೊಂಡು ಮುಂದಕ್ಕೆ ಹೋಗುತ್ತೇವೆ. ನನಗೆ ಮಾತ್ರ ಆ ಸಾಲು ಬಹಳ ಕಾಲದಿಂದ ತಲೆಯಲ್ಲಿ ಕೊರೆಯುತ್ತಿದೆ. ನಂಬರು ಹಿಡಿದು ಹಿಂದಕ್ಕೆ ಹೋದರೆ ಹೆಚ್ಚಾಗಿ ಸಿಗುವುದು ಇನ್ನೊಂದು ರಿವ್ಯೂ ಲೇಖನ, ಅಂದರೆ ಹಿಂದಿನವರ ಕೆಲಸವನ್ನು ಒಟ್ಟುಮಾಡಿ ಹೇಳುವ ಬರಹ. ಅಲ್ಲೂ ಅದೇ ಸಾಲು ಇರುತ್ತದೆ. ಅದರ ಕೊನೆಗೂ ಒಂದು ನಂಬರು ಇರುತ್ತದೆ.

ಲೆಕ್ಕ ಇರುವ ಕಡೆ ಹೋಗಿ ನೋಡಿದರೆ ಬೇರೆಯೇ ಕಾಣುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಕಾಯಿಲೆ ಮೊದಲು ಗುರುತಾದಾಗ 466 ಜನರಿಗೆ ಬಂದಿತ್ತು. ಮರುವರ್ಷ 181. 1983ರ ಸುಮಾರಿಗೆ ಸಾವಿರವನ್ನೂ ದಾಟಿತ್ತು. 2003ರಿಂದ 2012ರ ಮಾರ್ಚ್‌ವರೆಗೆ ಶಂಕಿತ ಕೇಸುಗಳು 3,263, ಲ್ಯಾಬಿನಲ್ಲಿ ಖಚಿತವಾದವು 823. ಹಾಗಾದರೆ ಆ 400–500 ಯಾವ ಕಾಲದ್ದು? ಶಂಕಿತವೋ, ಖಚಿತವೋ? ಸಾಲು ಅದನ್ನು ಹೇಳುವುದೇ ಇಲ್ಲ. ಏರುತ್ತಾ ಇಳಿಯುತ್ತಾ ಬಂದ ಕಾಯಿಲೆಯನ್ನು ಅದು ಪ್ರತಿ ವರ್ಷ ಒಂದೇ ಸಮ ಇರುವ ಕಾಯಿಲೆ ಮಾಡಿಬಿಟ್ಟಿದೆ.

ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ನಾನು ಮಲೆನಾಡಿನವಳು. ಬೇಸಿಗೆ ಬಂತೆಂದರೆ ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುವುದು, ಮಂಗ ಸತ್ತ ಸುದ್ದಿ ಕೇಳಿದರೆ ಊರೆಲ್ಲ ಗಾಬರಿಯಾಗುವುದು, ಇವೆಲ್ಲ ನೋಡಿ ಬೆಳೆದವಳು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದೇ ಸೀಸನ್‌ನಲ್ಲಿ ಎಷ್ಟು ಮನೆಗಳಲ್ಲಿ ಸಾವಾಯಿತು ಅಂತ ಅಲ್ಲಿನವರಿಗೆ ಗೊತ್ತು. ಎಷ್ಟು ಲಸಿಕೆ ಬೇಕು, ಎಷ್ಟು ಎಣ್ಣೆ ತರಿಸಬೇಕು, ಯಾವ ಪಂಚಾಯಿತಿಗೆ ಮೊದಲು ಹೋಗಬೇಕು ಅನ್ನುವುದೆಲ್ಲ ಇಂಥ ಅಂಕಿಗಳ ಮೇಲೇ ನಿಲ್ಲುತ್ತದೆ. ಅದಕ್ಕೇ ರೆಫರೆನ್ಸ್ ಹುಡುಕುವ ಕೆಲಸವನ್ನು ಥೀಸಿಸ್‌ನ ಎರಡನೇ ಅಧ್ಯಾಯ ತುಂಬಿಸುವ ಕೆಲಸ ಅಂತ ನೋಡುವವರ ಜೊತೆ ನಾನು ಜಗಳಕ್ಕೇ ಇಳಿಯುತ್ತೇನೆ. ನಮ್ಮಲ್ಲಿ ಎಷ್ಟೋ ಕಡೆ ಪ್ರಯೋಗ ಎಲ್ಲ ಮುಗಿದ ಮೇಲೆ, ಸಬ್‌ಮಿಟ್ ಮಾಡುವ ಹೊತ್ತಿಗೆ ‘ರಿವ್ಯೂ ಆಫ್ ಲಿಟರೇಚರ್’ ಬರೆಯುತ್ತಾರೆ. ಹಿಂದೆ ಯಾರು ಏನು ಕಂಡಿದ್ದಾರೆ ಅಂತ ತಿಳಿಯದೆ ಮೂರ್ನಾಲ್ಕು ವರ್ಷ ಕೆಲಸ ಮಾಡುವುದು ಹೇಗೆ?

ಊರಿನ ಹೆಸರು ಬದಲಾಯಿತು, ವೈರಸ್ಸಿನದ್ದೂ ಬದಲಾಯಿತು

ಹುಡುಕುವುದು ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬಾಕ್ಸಿನಲ್ಲಿ ಎರಡು ಪದ ಹಾಕಿ ಎಂಟರ್ ಒತ್ತಿದರೆ ಆಯಿತು, ಅಲ್ವಾ? ವೈದ್ಯಕೀಯ ಪೇಪರುಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ‘ಕೆಎಫ್‌ಡಿ’ ಅಂತ ಹಾಕಿ ನೋಡಿ. ದುಗ್ಧಗ್ರಂಥಿ ಊದಿಕೊಳ್ಳುವ, ಜಪಾನಿನಲ್ಲಿ ಮೊದಲು ವಿವರಿಸಿದ ಕಿಕುಚಿ–ಫುಜಿಮೊಟೊ ಕಾಯಿಲೆಯ ಪೇಪರುಗಳು ರಾಶಿ ಬೀಳುತ್ತವೆ. ಅದರ ಚಿಕ್ಕ ಹೆಸರೂ ಕೆಎಫ್‌ಡಿಯೇ. ಸರಿ, ಪೂರ್ತಿ ಹೆಸರು ಹಾಕಿ, ಜೊತೆಗೆ ಜಾಗದ ಹೆಸರು ‘ಶಿವಮೊಗ್ಗ’, ‘ಕರ್ನಾಟಕ’ ಅಂತ ಸೇರಿಸಿದರೆ? ಹಳೆಯ ಅರ್ಧಕ್ಕರ್ಧ ಕೆಲಸ ಕೈ ತಪ್ಪಿಹೋಗುತ್ತದೆ. 1973ರ ನವೆಂಬರಿಗೆ ಮೊದಲು ಬರೆದವರಿಗೆ ಇದು ಮೈಸೂರು ರಾಜ್ಯ. 2014ಕ್ಕೆ ಮೊದಲು ಇಂಗ್ಲಿಷಿನಲ್ಲಿ ಬರೆದವರಿಗೆ ಊರು ‘ಶಿಮೊಗಾ’. ಕಂಪ್ಯೂಟರಿಗೆ ಇವೆರಡೂ ಒಂದೇ ಊರು ಅಂತ ಯಾರೂ ಹೇಳಿಕೊಟ್ಟಿಲ್ಲ. ನಮಗೆ ಗೊತ್ತು. ಆದ್ದರಿಂದ ನಾವೇ ಎಲ್ಲ ಹೆಸರುಗಳನ್ನೂ ಹಾಕಬೇಕು.

ವೈರಸ್ಸಿನ ಕಥೆಯೂ ಇದೇ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು ಇದನ್ನು ಕಂಡಾಗ ರಷ್ಯಾದ ಸ್ಪ್ರಿಂಗ್–ಸಮ್ಮರ್ ವೈರಸ್ಸಿನ ಬಂಧು ಅಂತ ಗುರುತಿಸಿದರು. 1958ರಲ್ಲಿ ಆ ಸೆಂಟರಿನ ಟೆಲ್ಫರ್ಡ್ ವರ್ಕ್ ಅನ್ನುವವರು ಬರೆದ ಲೇಖನದ ತಲೆಬರಹ ಶುರುವಾಗುವುದೇ ‘ಭಾರತದಲ್ಲಿ ರಷ್ಯನ್ ಸ್ಪ್ರಿಂಗ್–ಸಮ್ಮರ್ ವೈರಸ್’ ಅಂತ. ಆಗಿನವರು ಇದನ್ನು ‘ಗ್ರೂಪ್ ಬಿ ಆರ್ಬೊವೈರಸ್’ ಅನ್ನುತ್ತಿದ್ದರು. ಇವತ್ತಿನ ಹುಡುಗರು ‘ಫ್ಲಾವಿವೈರಸ್’ ಅಂತ ಹುಡುಕುತ್ತಾರೆ. ಕಾಯಿಲೆಗೆ ಮೊದಲು ಬಲಿಯಾಗುವ ಮುಸಿಯ ಕೂಡ ಇದರಿಂದ ತಪ್ಪಿಸಿಕೊಂಡಿಲ್ಲ. ಹಳೆಯ ಪೇಪರುಗಳಲ್ಲಿ ಅದರ ಕುಲದ ಹೆಸರು ಪ್ರೆಸ್ಬೈಟಿಸ್, ಈಗ ಸೆಮ್ನೊಪಿಥೆಕಸ್. ಇನ್ನೊಂದು ತೊಡಕೂ ಇದೆ. ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್ ಪಟ್ಟಿಯಲ್ಲಿ ಅಬ್‌ಸ್ಟ್ರ್ಯಾಕ್ಟ್, ಅಂದರೆ ಪೇಪರಿನ ಸಾರಾಂಶ, ಸೇರಿಸಲು ಶುರು ಮಾಡಿದ್ದು 1975ರಲ್ಲಿ. ಅದಕ್ಕೆ ಹಿಂದಿನ ಪೇಪರುಗಳಿಗೆ ಹೆಚ್ಚಾಗಿ ತಲೆಬರಹ ಮಾತ್ರ. ಒಳಗೆ ಉಣುಗಿನ ಬಗ್ಗೆ ಹತ್ತು ಪುಟ ಇದ್ದರೂ ತಲೆಬರಹದಲ್ಲಿ ಆ ಪದ ಇಲ್ಲದಿದ್ದರೆ ಹುಡುಕಾಟಕ್ಕೆ ಸಿಗುವುದು ಕಷ್ಟ. ಕ್ಯಾಸನೂರಿನ ಮುಖ್ಯ ಕೆಲಸವೆಲ್ಲ ನಡೆದದ್ದು 1957ರಿಂದ 70ರ ದಶಕದವರೆಗೆ. ಅಂದರೆ ಮೂಲವೇ ಕತ್ತಲಲ್ಲಿದೆ.

ಇಲ್ಲಿ ಸಹಾಯಕ್ಕೆ ಬರುವುದು ಮೆಶ್. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ನಡೆಸಿಕೊಂಡು ಬಂದಿರುವ ವಿಷಯಗಳ ಪಟ್ಟಿ. ಲೇಖಕರು ಏನೇ ಹೆಸರು ಬಳಸಿರಲಿ, ಪೇಪರ್ ಯಾವುದರ ಬಗ್ಗೆ ಇದೆ ಅಂತ ನೋಡಿ ಅದಕ್ಕೆ ಒಂದೇ ತಲೆಚೀಟಿ ಅಂಟಿಸುತ್ತಿದ್ದರು. ಮಂಗನ ಕಾಯಿಲೆಗೂ ಅಂಥ ಚೀಟಿ ಇದೆ. ದಶಕಗಳ ಕಾಲ ಈ ಕೆಲಸ ಮಾಡಿದವರು ಮನುಷ್ಯರು, ಒಂದೊಂದೇ ಪೇಪರ್ ಕೈಯಲ್ಲಿ ಹಿಡಿದು. ಅವರ ಹೆಸರು ಯಾವ ಪೇಪರಿನಲ್ಲೂ ಇರುವುದಿಲ್ಲ. ನಮ್ಮ ಹುಡುಕಾಟ ಅವರ ಋಣದಲ್ಲಿ ನಡೆಯುತ್ತಿದೆ.

ಲೈಬ್ರರಿಯ ಮೇಷ್ಟ್ರು

ಇದನ್ನೆಲ್ಲ ನನಗೆ ಯಾವ ಕ್ಲಾಸಿನಲ್ಲೂ ಹೇಳಿಕೊಡಲಿಲ್ಲ. ಹೇಳಿಕೊಟ್ಟವರು ಬೆಂಗಳೂರಿನ ಒಬ್ಬ ಲೈಬ್ರೇರಿಯನ್. ನಿವೃತ್ತಿಗೆ ಹತ್ತಿರ ಇದ್ದರು. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದರು. ನಾನು ಒಂದು ಪೇಪರಿನ ಹೆಸರು ಬರೆದ ಚೀಟಿ ಹಿಡಿದು ಹೋಗಿ, ‘ಸಾರ್, ಇದು ಬೇಕಿತ್ತು’ ಅಂದೆ. ಅವರು ಚೀಟಿ ಕಡೆ ನೋಡಲೇ ಇಲ್ಲ. ‘ಕೂತ್ಕೊಳ್ಳಿ. ನಿಮಗೆ ಏನು ತಿಳಿಯಬೇಕಾಗಿದೆ, ಅದು ಹೇಳಿ ಮೊದಲು’ ಅಂದರು. ಹೇಳಿದೆ. ಉಣುಗು ಎಷ್ಟು ತಿಂಗಳು ವೈರಸ್ಸನ್ನು ಒಳಗೆ ಇಟ್ಟುಕೊಳ್ಳುತ್ತದೆ ಅಂತ ತಿಳಿಯಬೇಕು ಅಂದೆ. ‘ಹಾಗಾದ್ರೆ ಈ ಚೀಟಿಯಲ್ಲಿರೋದು ನಿಮಗೆ ಬೇಕಾದ ಪೇಪರ್ ಅಲ್ಲ’ ಅಂತ ಎದ್ದು, ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನ ಬೌಂಡ್ ವಾಲ್ಯೂಮುಗಳ ಮುಂದೆ ಕರೆದುಕೊಂಡು ಹೋದರು. ಒಂದು ವಾಲ್ಯೂಮ್ ತೆಗೆದು, ಅದರ ಹಿಂದಿನ ವಿಷಯ ಸೂಚಿ ತೋರಿಸಿದರು. ಬೆರಳಿಟ್ಟು ಕೆಳಗಿಳಿಯುತ್ತಾ ಹೋದ ಹಾಗೆ ನನಗೆ ಗೊತ್ತೇ ಇರದ ಹೆಸರುಗಳು ಸಿಕ್ಕವು. ಆ ದಿನ ಸಂಜೆ ಅವರು ಬೀಗ ಹಾಕುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು.

ಅವರು ಓದಿದ್ದು ಬೆಂಗಳೂರಿನ ಡಿಆರ್‌ಟಿಸಿಯಲ್ಲಿ, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಶುರು ಮಾಡಿದ ಲೈಬ್ರರಿ ಕೆಲಸ ಕಲಿಸುವ ಕೇಂದ್ರ. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುವವರ ಸಮಯ ಉಳಿಸಿ ಅನ್ನುವುದು. ಲೈಬ್ರರಿಯ ಮೇಷ್ಟ್ರು ಅದನ್ನು ಬಾಯಲ್ಲಿ ಹೇಳಲಿಲ್ಲ. ನನ್ನ ಪ್ರಶ್ನೆ ಕೇಳಿಕೊಂಡು ಮಾಡಿ ತೋರಿಸಿದರು. ಪ್ರಶ್ನೆ ಸ್ಪಷ್ಟವಾಗದೆ ಹುಡುಕಲು ಕೂತರೆ ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡುತ್ತಾ ಹೋಗುತ್ತೇವೆ, ಓದುವುದು ಮಾತ್ರ ಬಾಕಿ ಉಳಿಯುತ್ತದೆ. ಈಗಲೂ ನಾನು ಹುಡುಕುವ ಮೊದಲು ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

ಹೊಳೆಯ ಮೇಲಕ್ಕೆ, ಹೊಳೆಯ ಕೆಳಕ್ಕೆ

ಒಂದು ಪೇಪರ್ ಕೈಗೆ ಸಿಕ್ಕ ಮೇಲೆ ಎರಡು ದಿಕ್ಕಿಗೆ ಹೋಗಬಹುದು. ಹೊಳೆಯಲ್ಲಿ ನಿಂತವರು ಮೇಲಕ್ಕೂ ನಡೆಯಬಹುದು, ಕೆಳಕ್ಕೂ ನಡೆಯಬಹುದು. ಮೇಲಕ್ಕೆ ಹೋಗುವುದು ಹಳೆಯ ದಾರಿ. ಪೇಪರಿನ ಕೊನೆಯಲ್ಲಿರುವ ಪಟ್ಟಿ ಹಿಡಿದು ಹಿಂದಿನವರ ಹತ್ತಿರ ಹೋಗುವುದು. ಕೆಳಕ್ಕೆ ಹೋಗುವುದು, ಅಂದರೆ ಈ ಪೇಪರ್ ಬಂದ ಮೇಲೆ ಯಾರು ಇದನ್ನು ಓದಿ ಏನು ಹೇಳಿದರು ಅಂತ ನೋಡುವುದು, ಬಹಳ ಕಾಲ ಸಾಧ್ಯವೇ ಇರಲಿಲ್ಲ. ಆ ದಾರಿ ಮಾಡಿಕೊಟ್ಟವರು ಫಿಲಡೆಲ್ಫಿಯಾದ ಯೂಜಿನ್ ಗಾರ್‌ಫೀಲ್ಡ್. 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಯೋಚನೆ ಮುಂದಿಟ್ಟರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದರು. ಅವರಿಗೆ ಮಾದರಿಯಾದದ್ದು ಅಮೆರಿಕದ ವಕೀಲರು 1873ರಿಂದ ಬಳಸುತ್ತಿದ್ದ ಶೆಪರ್ಡ್ಸ್ ಸೈಟೇಶನ್ಸ್. ವಕೀಲರಿಗೆ ಹಳೆಯ ತೀರ್ಪು ಸಿಕ್ಕರೆ ಸಾಲದು, ಅದು ಇವತ್ತಿಗೂ ನಿಂತಿದೆಯೋ, ಮೇಲಿನ ಕೋರ್ಟು ತಳ್ಳಿಹಾಕಿದೆಯೋ ಗೊತ್ತಾಗಬೇಕು. ವಿಜ್ಞಾನದವರಿಗೂ ಅದೇ ಬೇಕು. 2004ರಲ್ಲಿ ಗೂಗಲ್ ಸ್ಕಾಲರ್ ಬಂದ ಮೇಲೆ ಇದು ಎಲ್ಲರ ಕೈಗೂ ಬಿಟ್ಟಿಯಾಗಿ ಸಿಕ್ಕಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಖರಗ್‌ಪುರ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ. ಪ್ರತಿ ಪೇಪರಿನ ಕೆಳಗೆ ‘ಸೈಟೆಡ್ ಬೈ’ ಅಂತ ಇರುತ್ತದಲ್ಲ, ಜಾಸ್ತಿ ಜನ ಅದನ್ನು ಅಂಕದ ಹಾಗೆ ನೋಡುತ್ತಾರೆ. ಅದು ಒತ್ತಿ ಒಳಗೆ ಹೋಗಲು ಇರುವ ಬಾಗಿಲು.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಮಂಗನ ಕಾಯಿಲೆಯ ಲಸಿಕೆಯೇ ಸಾಕು. 1994ರಲ್ಲಿ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಮಾಡಿದ ಪರೀಕ್ಷೆಯ ವರದಿ ಬಂತು. ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಅಂತ ಅದರಲ್ಲಿತ್ತು. ಇದನ್ನು ಮಾತ್ರ ಓದಿದವರು ಎರಡು ಸೂಜಿ ಚುಚ್ಚಿಸಿದರೆ ಹೆದರಬೇಕಾಗಿಲ್ಲ ಅಂದುಕೊಳ್ಳುತ್ತಾರೆ. ಅಲ್ಲಿಂದ ಕೆಳಕ್ಕೆ ಬಂದರೆ 2013ರ ಇನ್ನೊಂದು ಪೇಪರ್ ಸಿಗುತ್ತದೆ. 2005ರಿಂದ 2010ರವರೆಗಿನ ಲೆಕ್ಕ ಅದು. ಎರಡು ಡೋಸಿಗೆ ಸಿಕ್ಕ ರಕ್ಷಣೆ ಶೇ 62.4. ಮೇಲಿಂದ ಬೂಸ್ಟರ್ ಕೂಡ ಹಾಕಿಸಿಕೊಂಡವರಲ್ಲಿ ಶೇ 82.9. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಪೇಪರ್. ಎರಡರಲ್ಲಿ ಯಾವುದನ್ನು ಓದಿದ್ದೀರಿ ಅನ್ನುವುದರ ಮೇಲೆ ನೀವು ಹಳ್ಳಿಗೆ ಹೋಗಿ ಹೇಳುವ ಮಾತೇ ಬದಲಾಗುತ್ತದೆ. ಬೂಸ್ಟರ್ ಬಿಡಬೇಡಿ, ಲಸಿಕೆ ಹಾಕಿಸಿಕೊಂಡಿದ್ದರೂ ಎಣ್ಣೆ ಹಚ್ಚಿಕೊಳ್ಳಿ ಅಂತ ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆ ಅದು. ಆಮೇಲೆ 2022ರ ಹೊತ್ತಿಗೆ ಆ ಲಸಿಕೆಯೇ ನಿಂತುಹೋಯಿತು. ಕೆಳಕ್ಕೆ ನಡೆಯದವರು ಅದನ್ನೂ ತಿಳಿಯದೆ 93.5 ಅಂತ ಬರೆಯುತ್ತಲೇ ಇರುತ್ತಾರೆ.

ಮೇಲಕ್ಕೆ ಹೋಗದೆ ಇದ್ದದ್ದರಿಂದ ಆದ ಅನಾಹುತಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಾಸ್ಟನ್ನಿನ ಇಬ್ಬರು ಐದೇ ವಾಕ್ಯಗಳ ಒಂದು ಪತ್ರ ಬರೆದರು. ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಜಾತಿಯ ನೋವಿನ ಔಷಧಿ ಪಡೆದ 11,882 ರೋಗಿಗಳ ದಾಖಲೆ ನೋಡಿದೆವು, ಅದರಲ್ಲಿ ಚಟ ಹಿಡಿದದ್ದು ನಾಲ್ವರಿಗೆ ಮಾತ್ರ ಅಂತ. ವಾರ್ಡಿನಲ್ಲಿ ಡಾಕ್ಟರ ಕಣ್ಣೆದುರು ಇದ್ದವರ ಬಗ್ಗೆ ಹೇಳಿದ ಮಾತು ಅದು. ಮುಂದೆ ಅದನ್ನು ಹಿಡಿದುಕೊಂಡು, ಮನೆಗೆ ತಿಂಗಳುಗಟ್ಟಲೆ ಮಾತ್ರೆ ಬರೆದುಕೊಟ್ಟರೂ ಚಟ ಹಿಡಿಯುವುದು ಅಪರೂಪ ಅನ್ನುವವರು ಹುಟ್ಟಿಕೊಂಡರು. 2017ರಲ್ಲಿ ಕೆನಡಾದ ಸಂಶೋಧಕರು ಆ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು ಕೂತು ಓದಿದರು. ಶೇ 72ರಷ್ಟು ಬರಹಗಳು ಅದನ್ನು ಚಟ ಅಪರೂಪ ಅನ್ನುವುದಕ್ಕೆ ಪುರಾವೆ ಮಾಡಿಕೊಂಡಿದ್ದವು. ಶೇ 80ಕ್ಕೂ ಜಾಸ್ತಿ ಬರಹಗಳು ಇದು ಆಸ್ಪತ್ರೆಯ ಒಳರೋಗಿಗಳ ವಿಷಯ ಅಂತ ಹೇಳಿರಲೇ ಇಲ್ಲ. ಐದು ವಾಕ್ಯ ಓದಲು ಒಂದು ನಿಮಿಷ ಸಾಕು. ಆ ನೋವಿನ ಮಾತ್ರೆಗಳಿಂದ ಅಲ್ಲಿ ಎಷ್ಟು ಮನೆಗಳು ಹಾಳಾದವು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇಲ್ಲದ ಪೇಪರುಗಳೂ ಉಲ್ಲೇಖಗೊಳ್ಳುತ್ತವೆ. ಒಬ್ಬ ದೊಡ್ಡ ಪ್ರಕಾಶಕರು ರೆಫರೆನ್ಸ್ ಹೇಗೆ ಬರೆಯಬೇಕು ಅಂತ ತೋರಿಸಲು ಸುಮ್ನೆ ಒಂದು ಮಾದರಿ ಕೊಟ್ಟಿದ್ದರು. ವ್ಯಾನ್ ಡೆರ್ ಗೀರ್ ಮತ್ತು ಇತರರು, 2000, ವೈಜ್ಞಾನಿಕ ಲೇಖನ ಬರೆಯುವ ಕಲೆ. ಅಂಥ ಲೇಖನವೇ ಇಲ್ಲ. ಆದರೂ ಸುಮಾರು 400 ಕಡೆ ಅದು ರೆಫರೆನ್ಸ್ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಮಾದರಿಯನ್ನು ಅಳಿಸದೆ ಬಿಟ್ಟವರು ಬಹಳ ಜನ ಇರಬಹುದು. ಆದರೆ ಅಷ್ಟು ಪೇಪರುಗಳನ್ನು ಪರಿಶೀಲಿಸಿದ ಯಾರೂ ಆ ಒಂದು ಸಾಲನ್ನು ಹುಡುಕಿ ನೋಡಲಿಲ್ಲ ಅನ್ನುವುದು ನನಗೆ ಇನ್ನೂ ಬೇಸರದ ಸಂಗತಿ.

ಝೊಟೆರೊದಲ್ಲಿ ನಾನು ಬರೆದಿಡುವುದು

ರೆಫರೆನ್ಸುಗಳನ್ನು ಕೂಡಿಡಲು ನಾನು ಬಳಸುವ ತಂತ್ರಾಂಶ ಝೊಟೆರೊ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದವರು 2006ರಲ್ಲಿ ಹೊರತಂದದ್ದು. ದುಡ್ಡಿಲ್ಲ. ಮೆಂಡೆಲೆ, ಎಂಡ್‌ನೋಟ್ ಬಳಸುವವರಿದ್ದಾರೆ, ಲೇಟೆಕ್‌ನಲ್ಲಿ ಬರೆಯುವವರಿಗೆ ಬಿಬ್‌ಟೆಕ್ ಇದೆ. ಯಾವುದಾದರೂ ಸರಿ. ಕೆಲಸದ ಮೊದಲ ದಿನದಿಂದಲೇ ಒಂದನ್ನು ಹಿಡಿದುಕೊಳ್ಳುವುದು ಮುಖ್ಯ. ಬ್ರೌಸರಿನ ಬಟನ್ ಒತ್ತಿದರೆ ಪೇಪರಿನ ವಿವರವೆಲ್ಲ ಬಂದು ಕೂರುತ್ತದೆ, ಜರ್ನಲ್ ಕೇಳಿದ ಶೈಲಿಗೆ ಪಟ್ಟಿಯೂ ತಾನೇ ಬದಲಾಗುತ್ತದೆ. ಪೇಪರನ್ನು ಹಿಂತೆಗೆದುಕೊಂಡಿದ್ದರೆ, ರಿಟ್ರ್ಯಾಕ್ಷನ್ ವಾಚ್‌ನವರ ಪಟ್ಟಿ ನೋಡಿ ಕೆಂಪಗೆ ಎಚ್ಚರಿಸುತ್ತದೆ. ಇದೊಂದಕ್ಕೇ ನಾನು ಎಲ್ಲರಿಗೂ ಹಾಕಿಕೊಳ್ಳಿ ಅನ್ನುತ್ತೇನೆ.

ಆದರೆ ಬಟನ್ ಒತ್ತಿದ ಮೇಲೆ ಕಣ್ಣು ಹಾಯಿಸಲೇಬೇಕು. ಅದರಲ್ಲೂ ನಮ್ಮ ಕಡೆಯ ಹೆಸರುಗಳಿಗೆ. ಈ ತಂತ್ರಾಂಶಗಳಿಗೆ ಹೆಸರು ಅಂದರೆ ಮುಂದೊಂದು, ಕೊನೆಗೊಂದು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಒಂದು ಜರ್ನಲ್ ಇನಿಷಿಯಲ್ ಬಿಡಿಸಿ ಬರೆಯುತ್ತದೆ, ಇನ್ನೊಂದು ಬಿಡಿಸುವುದಿಲ್ಲ. ‘ಮೂರ್ತಿ’ ಅಂತ ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಅಂತ ನಿಮಗೇ ಗೊತ್ತು. ಹೀಗಾಗಿ ಜೀವನವಿಡೀ ಮಲೆನಾಡಿನ ಕಾಡಿನಲ್ಲಿ ಉಣುಗು ಆಯ್ದ ಒಬ್ಬರೇ ವಿಜ್ಞಾನಿ ಪಟ್ಟಿಯಲ್ಲಿ ಇಬ್ಬರು ಮೂವರಾಗಿ ಹೋಳಾಗುತ್ತಾರೆ. ಅವರ ಕೆಲಸ ಒಟ್ಟಿಗೆ ಕಾಣುವುದೇ ಇಲ್ಲ. ಒಬ್ಬೊಬ್ಬ ಸಂಶೋಧಕರಿಗೂ ಒಂದೊಂದು ಗುರುತು ಸಂಖ್ಯೆಯಾಗಿ 2012ರಿಂದ ಇರುವ ಆರ್ಕಿಡ್ (ORCID) ನಂಬರು ಈಗಿನವರಿಗೆ ಸಹಾಯ ಮಾಡುತ್ತದೆ. ಹಳಬರದ್ದನ್ನು ನಾವು ಕೈಯಾರೆ ಸರಿಮಾಡಬೇಕು.

ಇನ್ನೊಂದು ಅಭ್ಯಾಸ ಇದೆ. ಪ್ರತಿ ಪೇಪರಿಗೂ ಒಂದು ಟ್ಯಾಗ್ ಹಾಕುತ್ತೇನೆ. ‘ಪೂರ್ತಿ ಓದಿದ್ದು’, ‘ಅಬ್‌ಸ್ಟ್ರ್ಯಾಕ್ಟ್ ಮಾತ್ರ’, ‘ಬೇರೆಯವರು ಹೇಳಿದ್ದು’. ಅದರ ಕೆಳಗೆ ಎರಡು ಸಾಲಿನ ನೋಟ್. ಯಾವ ಪುಟದಲ್ಲಿ ಏನು ಕಂಡೆ, ಯಾವ ವರ್ಷದ ಲೆಕ್ಕ, ಎಣಿಸಿದವರು ಯಾರು. ‘ಅಬ್‌ಸ್ಟ್ರ್ಯಾಕ್ಟ್ ಮಾತ್ರ’ ಅಂತ ಇರುವುದನ್ನು ಅಂಕಿಗೆ ಆಧಾರವಾಗಿ ಬಳಸುವುದಿಲ್ಲ. ‘ಬೇರೆಯವರು ಹೇಳಿದ್ದು’ ಅಂತ ಇದ್ದರೆ ಇಂಥವರ ಮೂಲಕ ತಿಳಿಯಿತು ಅಂತ ಬಿಚ್ಚಿ ಬರೆಯುತ್ತೇನೆ. ಇದರಿಂದ ಪಟ್ಟಿ ಚಿಕ್ಕದಾಗುತ್ತದೆ ಅಂತ ಕೆಲವು ಗೈಡುಗಳಿಗೆ ಇಷ್ಟವಾಗುವುದಿಲ್ಲ. ಇನ್ನೂರು ರೆಫರೆನ್ಸ್ ಇದ್ದರೆ ಥೀಸಿಸ್‌ಗೆ ತೂಕ ಅನ್ನುವ ನಂಬಿಕೆ ಇದೆ. ಓದಿದ ಅರವತ್ತು, ಓದದ ಇನ್ನೂರಕ್ಕಿಂತ ಮೇಲು ಅಂತ ನಾನು ಯಾರ ಎದುರಿಗೂ ಹೇಳುತ್ತೇನೆ.

ಈಚೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ, ಪಿಎಚ್‌ಡಿಗೆ ಹೊಸದಾಗಿ ಸೇರಿದವಳು, ಫೋನ್ ಮಾಡಿದಳು. ‘ಮೇಡಂ, ಒಂದು ಪೇಪರ್ ಎಲ್ಲೂ ಸಿಗ್ತಾ ಇಲ್ಲ. ಲೈಬ್ರರಿಯಲ್ಲೂ ಇಲ್ಲ ಅಂದ್ರು.’ ಓದಿ ಹೇಳು ಅಂದೆ. ಲೇಖಕರ ಹೆಸರು ನಿಜದ್ದು, ಜರ್ನಲ್ ನಿಜದ್ದು, ತಲೆಬರಹ ಅವಳ ಪ್ರಶ್ನೆಗೇ ಹೊಲಿಸಿದ ಹಾಗೆ ಇತ್ತು. ‘ವಾಲ್ಯೂಮ್ ಎಷ್ಟು, ವರ್ಷ ಎಷ್ಟು?’ ಅಂತ ಕೇಳಿದೆ. ಅವೆರಡೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಆ ಜರ್ನಲ್ಲಿನ 99ನೇ ಸಂಪುಟ ಬಂದದ್ದು 1994ರಲ್ಲಿ, ಅವಳ ಹತ್ತಿರ ಇದ್ದ ವರ್ಷ ಬೇರೆ. ಡಿಒಐ, ಅಂದರೆ ಇಂಟರ್‌ನೆಟ್‌ನಲ್ಲಿ ಪೇಪರನ್ನು ಗುರುತಿಸುವ ಖಾಯಂ ನಂಬರು, ಹಾಕಿದರೆ ಎಲ್ಲಿಗೂ ಹೋಗಲಿಲ್ಲ. ‘ಇದು ನಿನಗೆ ಎಲ್ಲಿ ಸಿಕ್ತಮ್ಮಾ?’ ಅಂದಾಗ, ಎಐ ಚಾಟ್‌ಬಾಟ್‌ಗೆ ಕೇಳಿದ್ದೆ ಅಂದಳು. ಅದು ಪೇಪರುಗಳನ್ನು ಹುಡುಕಿ ತಂದಿರಲಿಲ್ಲ. ಒಂದರ ಪಕ್ಕ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ನೋಡಿ ಜೋಡಿಸಿತ್ತು. ಅದಕ್ಕೇ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಅವಳು ಲೈಬ್ರರಿಗೆ ಹೋಗಿ ಪೇಪರ್ ಕೇಳಿದಳಲ್ಲ, ಅದನ್ನು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಅವಳ ಪ್ರಶ್ನೆ ಒಳ್ಳೆಯದಿತ್ತು. ಆ ಸಂಜೆ ಇಬ್ಬರೂ ಸ್ಕ್ರೀನ್ ಹಂಚಿಕೊಂಡು ಮೆಶ್ ಚೀಟಿಯಿಂದ ಶುರು ಮಾಡಿ, ‘ಮೈಸೂರು ರಾಜ್ಯ’ ಸೇರಿಸಿ ಹುಡುಕಿದೆವು. ಅವಳಿಗೆ ಬೇಕಾಗಿದ್ದದ್ದು 60ರ ದಶಕದ ಒಂದು ಪೇಪರಿನಲ್ಲಿತ್ತು.

ಯಾವ ಹುಡುಕಾಟಕ್ಕೂ ಸಿಗದ ಕಾಗದಗಳು

ಪೇಪರ್ ಓದಲು ದುಡ್ಡು ಅಡ್ಡ ಬರುವುದು ಈಗ ಸ್ವಲ್ಪ ಕಡಿಮೆಯಾಗಿದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರವೇ ಜರ್ನಲ್ಲುಗಳಿಗೆ ಚಂದಾ ಕಟ್ಟುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಲೆಕ್ಚರರ್ ಕೂಡ ದೊಡ್ಡ ಜರ್ನಲ್ ತೆರೆಯಬಹುದು. ನಿಮ್ಮ ಕಾಲೇಜಿನಲ್ಲಿ ಇದನ್ನು ಶುರು ಮಾಡಿಲ್ಲದಿದ್ದರೆ ಇವತ್ತೇ ಕೇಳಿ.

ನನ್ನ ಚಿಂತೆ ಇರುವುದು ಇನ್ನೊಂದರ ಬಗ್ಗೆ. ಮಂಗನ ಕಾಯಿಲೆ ಬಗ್ಗೆ ನಿಜವಾದ ಲೆಕ್ಕ ಹುಟ್ಟುವುದು ಜರ್ನಲ್ಲಿನಲ್ಲಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ, ಲ್ಯಾಬಿನ ವಾರದ ವರದಿಯಲ್ಲಿ, ಯಾವ ಊರಿನ ಕಾಡಿನಲ್ಲಿ ಮಂಗ ಸತ್ತಿತ್ತು ಅಂತ ಬರೆದ ಅರಣ್ಯ ಇಲಾಖೆಯ ಕಡತದಲ್ಲಿ, ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ. ಇವು ಪಬ್‌ಮೆಡ್‌ನಲ್ಲಿ ಇಲ್ಲ. ಗೂಗಲ್ ಸ್ಕಾಲರಿನಲ್ಲೂ ಇಲ್ಲ. ಮಳೆಗಾಲದಲ್ಲಿ ಗೆದ್ದಲು ಹತ್ತಿದರೆ ಎಲ್ಲೂ ಇರುವುದಿಲ್ಲ. ‘400ರಿಂದ 500’ ಅನ್ನುವ ಸಾಲು ಇಷ್ಟು ವರ್ಷ ಬದುಕಿರುವುದಕ್ಕೆ ಇದೂ ಒಂದು ಕಾರಣ. ಸರಿಯಾದ ಲೆಕ್ಕ ತೋರಿಸಲು ಯಾರಿಗೂ ಒಂದು ಕೊಂಡಿ ಸಿಗುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿವೃತ್ತ ಡಾಕ್ಟರುಗಳು, ಹೆಲ್ತ್ ಇನ್‌ಸ್ಪೆಕ್ಟರುಗಳು, ಲ್ಯಾಬ್ ಟೆಕ್ನಿಷಿಯನ್ನುಗಳು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ವಾರ್ಷಿಕ ವರದಿಗಳ ಪ್ರತಿ ಇರಬಹುದು. ರೋಗಿಗಳ ಹೆಸರು ಇಲ್ಲದ, ಇಲಾಖೆ ಹೊರಗೆ ಕೊಡಬಹುದಾದ ವರದಿಗಳನ್ನು ಸ್ಕ್ಯಾನ್ ಮಾಡಿ. ಮೊಬೈಲಿನಲ್ಲಿ ತೆಗೆದರೂ ಆಗುತ್ತದೆ. ಯುರೋಪಿನ ಸರ್ನ್ ಸಂಶೋಧನಾ ಕೇಂದ್ರ ನಡೆಸುವ, ದಾಖಲೆ ಕೂಡಿಡುವ ತಾಣ ಝೆನೊಡೊದಲ್ಲಿ ಹಾಕಿದರೆ ದುಡ್ಡಿಲ್ಲದೆ ಡಿಒಐ ಕೊಡುತ್ತಾರೆ. ತಲೆಬರಹದಲ್ಲಿ ಶಿಮೊಗಾ ಅಂತಲೂ ಬರೆಯಿರಿ, ಶಿವಮೊಗ್ಗ ಅಂತಲೂ ಬರೆಯಿರಿ. ತಾಲ್ಲೂಕಿನ ಹೆಸರು, ವರ್ಷ, ಎಣಿಸಿದ ಕೇಂದ್ರದ ಹೆಸರು ಸೇರಿಸಿ. ಕೆಲಸ ಹೇಗೆ ಮಾಡುವುದು ಅಂತ ತಿಳಿಯದಿದ್ದರೆ ನಿಮ್ಮ ಊರಿನ ಕಾಲೇಜಿನ ಲೈಬ್ರೇರಿಯನ್ ಹತ್ತಿರ ಹೋಗಿ. ಅವರಿಗೆ ಗೊತ್ತಿರುತ್ತದೆ.